ಪಿಳಪ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಬೆಳಿಗ್ಗೆ ಹತ್ತೂವರೆ,
ಕೆಂಪಕ್ಷರದ ಬೋರ್ಡಿನ ಮೇಲೆ
ಲಾಟು ನೂರಾ ಹದಿನೇಳು: ಪಿಳಪ.
ಯಾರೂ ಬರಲಿಲ್ಲ.
ಜಾಲರಿಯಲ್ಲಿ ಹಳದಿ ಗೂಡು ಸುಮ್ಮನೆ ಕೂತಿತ್ತು.
ಬೀಡಿ ಆರಿಸಿ ಒಳಬಂದ ದಿಬ್ಬೂರಹಳ್ಳಿಯ ಮುದುಕ
ಬೋರ್ಡನ್ನು ಎರಡು ಸಲ ಓದಿದ:
"ಇವನ್ಯಾವನೋ ನಂಗೊತ್ತಿಲ್ಲ.
ನಮ್ಮಪ್ಪ ಇಟ್ಟಿದ್ದು ಪಿಳ್ಳಪ್ಪ."

ಬೋರ್ಡಿಗೆ ಅಕ್ಷರ ಮೂಡಿಸುವ ಕೋಡ್ ನೋಡಿಕೊಳ್ಳುವವಳು ನಾನು,
ಗುತ್ತಿಗೆಯ ಮೇಲೆ, ಮೂರು ತಿಂಗಳಿಗೊಮ್ಮೆ ಸಂಬಳ.
ನಾನು ಬರೆದದ್ದಲ್ಲ. ಯಾರೂ ಬೀಗ ಹಾಕದೆ
ಬೀದಿಗಿಟ್ಟ ಎರಡರಲ್ಲಿ ಒಂದನ್ನು ಆರಿಸಿದವಳು.

ಒಂದು ಹಳೇ ಛತ್ರ. ಮುನ್ನೂರು ಜನ ಕಟ್ಟಿದ್ದು.
ಕಂಬಕ್ಕೊಂದು ನಿಯಮ, ನಿಯಮಕ್ಕೊಂದು ಜಗಳ,
ಜಗಳವನ್ನೂ ತಾರೀಖು ಹಾಕಿ ಎತ್ತಿಟ್ಟಿದ್ದಾರೆ.
ಇನ್ನೊಂದು, ಹಿಮ ಬೀಳುವ ಯಾವುದೋ ಊರಲ್ಲಿ
ಒಬ್ಬನೇ ಕೂತು ಬರೆದ ನಾಲ್ಕು ಸಾವಿರ ಸಾಲು,
ಗುಡಿಸಿ ನೀರು ಚಿಮುಕಿಸಿದ ಅಂಗಳ.
ನಾನು ಅಂಗಳಕ್ಕೆ ಮರುಳಾದೆ.

ರಾತ್ರಿ ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಹರಾಜು ಮತ್ತೆ ಕೂಗಿಸಿದೆ,
ಗೂಡಿಲ್ಲದೆ, ಗದ್ದಲವಿಲ್ಲದೆ.
ಸಾಲುಸಾಲಿಗೂ ಪ್ರಿಂಟ್ ಹಾಕಿದೆ:
ಇಲ್ಲಿ ಬಂದೆ, ಇಲ್ಲಿ ಬಂದೆ, ಇಲ್ಲಿಗೂ ಬಂದೆ.
ಪಿಳ್ಳಪ್ಪ ಒತ್ತುಗಳ ಸಮೇತ ನೆಟ್ಟಗೆ ನಿಂತ.
ಪ್ರಿಂಟ್ ಅಳಿಸಿದೆ. ಪಿಳಪ.
ನೋಡುತ್ತಿದ್ದಾರೆಂದು ಗೊತ್ತಾದರೆ
ತಪ್ಪಿಗೂ ಒಳ್ಳೆಯ ಬುದ್ಧಿ ಬರುತ್ತದೆ.

ಮತ್ತೊಂದು ಸಲಕರಣೆ, ಸೀಟಿ ಊದುವ ಪೊಲೀಸಿನವನು.
ಹೇಳಿದ ಸಾಲಿನಲ್ಲಿ ಎಲ್ಲವನ್ನೂ ನಿಲ್ಲಿಸಿ
ಜೇಬು ಬಿಚ್ಚಿ ತೋರಿಸುತ್ತಾನೆ.
ನಿಂತ ಮೇಲೆ ಯಾರು ತಾನೆ ಢಿಕ್ಕಿ ಹೊಡೆಯುತ್ತಾರೆ?
ನೆನಪಿನ ಲೆಕ್ಕ ನೋಡುವ ಇನ್ನೊಬ್ಬ ಇದ್ದಾನೆ, ಮಹಾ ಜಿಪುಣ,
ಒಂದು ಹರಾಜಿಗೆ ಒಂದು ಗಂಟೆ ತಿಂದು
ಒಂದು ಬೈಟೂ ಸೋರಿಲ್ಲ ತಾಯಿ, ಮಲಕ್ಕೋ, ಎಂದ.

ಬೆಳಿಗ್ಗೆ ಓಣಿಯಲ್ಲಿ ಖಮರಕ್ಕನ ಬಾಣಲೆ ಹೊಗೆಯಾಡುತ್ತಿತ್ತು.
ಎಂಟು ಗೂಡಿನ ಎಂಟು ಎಳೆ
ಅವಳ ಬೆಂದ ಬೆರಳ ತುದಿಯಲ್ಲಿ ಒಂದಾಗಿ ರಾಟೆಗೆ ಏರುತ್ತಿದ್ದವು.
ನನ್ನ ಮುಖ ನೋಡಿದಳೋ ಇಲ್ಲವೋ,
ರಾಟೆಯ ಮೇಲಿನ ಗಂಟು ತೋರಿಸಿದಳು:
"ಇಲ್ಲಿ ಕಾಣ್ತದೆ. ಆಗಿದ್ದು ಇಲ್ಲಲ್ಲ.
ಹಿಂದಕ್ಕೆ ಬಾ, ನೀರಿಗೆ ಬಾ.
ಒಂದು ಎಳೆ ಇನ್ನೊಂದರ ಜಾಗಕ್ಕೆ ಬಂದಿರ್ತದೆ."

ಹಿಂದಕ್ಕೆ ನಡೆಯಬಲ್ಲ ಸಲಕರಣೆಯೂ ಒಂದಿದೆ.
ನಡೆದದ್ದನ್ನೆಲ್ಲ ಬರೆದಿಟ್ಟುಕೊಂಡು
ಕಾಲವನ್ನು ಸಾಲಿನಿಂದ ಸಾಲಿಗೆ ಹಿಮ್ಮೆಟ್ಟಿಸುತ್ತದೆ.
ಕಲಿಯುವುದು ಕಷ್ಟವೆಂದು ವರ್ಷದಿಂದ ಮುಟ್ಟಿರಲಿಲ್ಲ.
ನೂರಾ ಹದಿನೇಳರಿಂದ ಹಿಂದೆ ಸರಿದೆ.
ಹೆಸರಿನದೊಂದು ಎಳೆ, ಊರಿನದೊಂದು ಎಳೆ,
ಎರಡೂ ಓಡೋಡಿ ಬಂದು
ಒತ್ತು ಬರೆದಿಡುವ ಒಂದೇ ಚೀಟಿಗೆ ಕೈ ಹಾಕಿದ್ದವು.
ಆಮೇಲೆ ನೆನಪಾಯಿತು: ನೆನ್ನೆ ಬೋರ್ಡಿನ ಮುಂದಿನ ಸಾಲಿನಲ್ಲಿ
ಮೇಲೂರು, 'ಮೇಲ್ಳೂರ್ಪು' ಆಗಿತ್ತು.
ಪಿಳ್ಳಪ್ಪನ ಒತ್ತುಗಳು ಬೇರೆಯವರ ಊರಿಗೆ ಹೋಗಿ
ಒಂದು ನಿಮಿಷ ಇದ್ದು ಬಂದಿದ್ದವು.
ನಾನೂ ನೋಡಿದ್ದೆ. ನಕ್ಕಿದ್ದೆ ಕೂಡ.

ಛತ್ರದವರ ಜಗಳದ ಕಡತ ಬಿಚ್ಚಿದರೆ
ಇದೇ ಚೀಟಿಗೆ ಒಂಬತ್ತು ವರ್ಷದ ಹಿಂದೆ ಬೀಗ ಬಿದ್ದಿದೆ.
ಅಂಗಳದಲ್ಲಿ ಬೀಗವಿರಲಿಲ್ಲ, ಒಬ್ಬನೇ ಇದ್ದನಲ್ಲ.
ಎರಡು ಸಾಲು ಬರೆದೆ:
ಒಬ್ಬರು ಬರೆಯುವಾಗ ಇನ್ನೊಬ್ಬರು ಕಾಯಲಿ.
ಕಳಿಸಿದೆ.

ಹನ್ನೊಂದು ದಿನದ ಮೇಲೆ ಅವನ ಉತ್ತರ:
ಸೇರಿಸಿದ್ದೇನೆ. ವಂದನೆ.
ಅಕ್ಷರದ ಕಾಲಡಿ ಕೂತ ಆ ಪುಟ್ಟ ಅಕ್ಷರ,
ಅದನ್ನು ಓದುವಾಗ ಏನು ಮಾಡುತ್ತೀರಿ?
ಮೂರು ಸಲ ಬರೆದು ಮೂರು ಸಲ ಅಳಿಸಿದೆ.
ಇನ್ನೂ ಉತ್ತರಿಸಿಲ್ಲ.

ಮುಂದಿನ ಬೆಳೆಗೆ ಪಿಳ್ಳಪ್ಪ ಬಂದ.
ಬೋರ್ಡಿನಲ್ಲಿ ಅವನ ಹೆಸರು, ಒತ್ತೊತ್ತಾಗಿ, ಕೆಂಪಗೆ.
ತೋರಿಸಿದೆ. ಕಣ್ಣು ಹೆಸರಿನ ಮೇಲೆ ನಿಲ್ಲಲೇ ಇಲ್ಲ,
ಜಾರಿ ಕೊನೆಯ ಅಂಕಿಗೆ ಹೋಯಿತು:
"ಕೆಜಿಗೆ ಇಪ್ಪತ್ತು ಕಮ್ಮಿ ಬಂದದೆ ಕಣಮ್ಮ.
ಅದ್ನೂ ಒಸಿ ಹಿಂದಕ್ಕೋಗಿ ನೋಡು."