ಕಪ್ಪು ಅಂಚು

ಮೊದಲು ಚಹಾ ಕುದಿಸಬೇಕು, ಹಾಲಿಲ್ಲದೆ, ಕಡು.
ಅಗಲ ತಟ್ಟೆಗೆ ಸುರಿದು, ಬಿಳಿ ಹಾಳೆಯೊಂದನ್ನು
ಕೂಸನ್ನು ಮೀಯಿಸುವ ಹಾಗೆ ಅಂಗಾತ ಮಲಗಿಸಿ
ಅತ್ತೊಮ್ಮೆ ಇತ್ತೊಮ್ಮೆ ಅಲುಗಿಸಿ
ಓವನ್ನಿನಲ್ಲಿ ಆರು ನಿಮಿಷ.
ಏಳಾದರೆ ಹಪ್ಪಳ.

ಹೀಗೆ ಹುಟ್ಟುತ್ತದೆ ನನ್ನ ನೂರು ವರ್ಷದ ಕಾಗದ,
ಮ್ಯಾಸಚೂಸೆಟ್ಸಿನ ಹೋಲ್ಯೋಕ್‌ನಲ್ಲಿ, ಎರಡನೇ ಕಾಲುವೆಯ ಬದಿ,
ಒಂದು ಕಾಲಕ್ಕೆ ಕಾಗದದ ಗಿರಣಿಗಳೇ ತುಂಬಿದ್ದಲ್ಲಿ.
ಈಗ ಎದುರಿನ ಗಿರಣಿಯ ಕಿಟಕಿಗಳಿಗೆ ಹಲಗೆ ಬಡಿದಿದ್ದಾರೆ;
ನಾನು ಮೂರನೇ ಮಹಡಿಯ ಅಡುಗೆಮನೆಯಲ್ಲಿ
ಮುಪ್ಪನ್ನು ಬೇಯಿಸಿ ಸ್ಕ್ಯಾನ್ ಮಾಡುತ್ತೇನೆ.

ಮೂಲೆಗೊಂದು ಬಳ್ಳಿ, ತಲೆಗೊಂದು ಗುಬ್ಬಿ,
ಬರೆಯಲು ತಿಳಿಗಂದು ಗೆರೆ ಇಪ್ಪತ್ತೆರಡು.
ಯಾರೋ ಎಲ್ಲೋ ಮೂರು ಡಾಲರ್ ಕೊಟ್ಟು ಇಳಿಸಿಕೊಂಡು
ತಮ್ಮ ಮನೆಯ ಪ್ರಿಂಟರಿನಲ್ಲಿ ಮುದ್ರಿಸಿಕೊಳ್ಳುತ್ತಾರೆ.
ಒಂದೇ ಕಲೆ, ಒಂದೇ ಜಾಗ, ನಾಲ್ಕುನೂರು ಮನೆಗಳಲ್ಲಿ.
ಒಮ್ಮೆ ನನ್ನ ರೆಪ್ಪೆಗೂದಲೊಂದು ಗಾಜಿಗೆ ಅಂಟಿ
ಅದೂ ನಾಲ್ಕುನೂರು ಮನೆಗೆ ಹೋಯಿತು. ಯಾರೂ ದೂರಲಿಲ್ಲ.
ಈ ಗೆರೆ ಬಲು ಚೆಂದ ಎಂದು ಒಬ್ಬರು ಹೊಗಳಿದರು.

ಕೆಳಮನೆಯ ಮಿಗ್ದಾಲಿಯಾ ಮಾತ್ರ ಮೆಚ್ಚಲಿಲ್ಲ.
ಮೂವತ್ತೊಂದು ವರ್ಷ ಲಕೋಟೆ ಕಾರ್ಖಾನೆಯಲ್ಲಿ
ಅಂಟು ಹಚ್ಚುವ ಯಂತ್ರದ ಮುಂದೆ ನಿಂತವಳು.
ಹಾಳೆಯನ್ನು ಕಿವಿಯ ಹತ್ತಿರ ಹಿಡಿದು ಕೊಡವಿ
"ಇದು ಮಾತಾಡುವುದಿಲ್ಲ" ಎಂದಳು.
ಕಲೆಯ ಮೇಲೆ ಹೆಬ್ಬೆರಳಾಡಿಸಿ, ಮೂಸಿ, ನಕ್ಕಳು.
ಮುಂದಿನ ಸಲದಿಂದ ದಪ್ಪ ಹತ್ತಿಕಾಗದ ತಂದೆ,
ಅವಳಿಗೆ ಹೇಳದೆ.

ಮಾರ್ಚ್‌ನಲ್ಲಿ ಅವಳ ಗಂಡ ಎಫ್ರಾಯಿನ್ ತೀರಿಕೊಂಡ.
ಹತ್ತು ದಿನದ ಮೇಲೆ ಮೆಟ್ಟಿಲು ಹತ್ತಿ ಬಂದು
"ಕಪ್ಪು ಅಂಚಿನದು ಇದೆಯಾ?" ಎಂದಳು.
ಪೋನ್ಸೆಯಲ್ಲಿ ಅವನ ಅಕ್ಕ. ಕಿವಿ ಕೇಳದು, ಫೋನು ದಂಡ.
"ಅಂಚೆಯವನಿಗೆ ಅಂಚಿನಲ್ಲೇ ತಿಳಿಯಬೇಕು,
ಅವಳ ಕದ ಮೆಲ್ಲಗೆ ತಟ್ಟಬೇಕು."

ನನ್ನಲ್ಲಿ ಇರಲಿಲ್ಲ. ನಮ್ಮ ಕಡೆ ಸಾವಿನ ಕಾರ್ಡು
ಓದಿದ ಕೂಡಲೆ ಹೊಸಿಲಾಚೆಯೇ ಹರಿದು ಹಾಕುವುದು;
ಮದುವೆಯದಕ್ಕೆ ಅರಿಶಿನ, ಮೂಲೆಮೂಲೆಗೆ.
ಸೂತಕವನ್ನು ಫೈಲು ಮಾಡಿ ಇಟ್ಟುಕೊಳ್ಳುವುದೆ?
ಆದರೂ ಕೂತು ಹಳೆಯ ಮಾದರಿಗಳನ್ನು ಹುಡುಕಿದೆ.
ಆಗಿನವರು ಅಂಚನ್ನು ಅಳೆದು ಇಡುತ್ತಿದ್ದರಂತೆ:
ಹೊಸತರಲ್ಲಿ ಹೆಬ್ಬೆರಳಗಲ, ಆಮೇಲೆ ಕಿರುಬೆರಳು,
ಆಮೇಲೆ ಕಡ್ಡಿ, ಕೊನೆಗೆ ನೂಲೆಳೆ.
ನಾಲ್ಕನ್ನೂ ಮಾಡಿಟ್ಟೆ, ಗಿರಾಕಿಗೆ ಸೀರೆಯ ಅಂಚು ತೋರುವವಳ ಹಾಗೆ.

ಮೊದಲನೆಯದು ಇಪ್ಪತ್ತು ಹಾಳೆ ಕೊಂಡೊಯ್ದಳು.
ಅಷ್ಟೊಂದು ಏನು ಬರೆಯುತ್ತೀ ಎಂದೆ.
"ಹವಾಮಾನ. ಬಾಳೆಕಾಯಿಯ ಬೆಲೆ. ಅವನ ಕಾರು ಮಾರಿದ್ದು."
ನಾವು ಒಂದು ಉಭಯಕುಶಲೋಪರಿಯಲ್ಲಿ ಮುಗಿಸುವುದನ್ನು
ಅವಳು ಎರಡು ಮಗ್ಗುಲೂ ತುಂಬುತ್ತಾಳೆ.

ಜೂನ್‌ನಲ್ಲಿ ಬಂದಾಗ ಕಿರುಬೆರಳಗಲದ್ದು ತೆರೆದಿಟ್ಟೆ.
ನೋಡಿದಳು. "ಯಾರು ಅಳೆದದ್ದು?" ಎಂದಳು.
ಮತ್ತೆ ಹೆಬ್ಬೆರಳಿನದೇ, ಇಪ್ಪತ್ತು.
ಸೆಪ್ಟೆಂಬರಿನಲ್ಲೂ ಅದೇ. ನಾನು ಉಳಿದ ಮೂರರ ಮಾತೆತ್ತಲಿಲ್ಲ.

ನವೆಂಬರಿನ ಒಂದು ಸಂಜೆ, ಹದಿಮೂರನೇ ಹಾಳೆಗೆ
ಪ್ರಿಂಟರಿನ ಮಸಿ ತೀರಿತು.
ಮೇಲೆ ಕಾಡಿಗೆ, ಬರಬರುತ್ತ ಹೊಗೆ, ಬೂದಿ,
ತಳಕ್ಕೆ ಬಂದಾಗ ಬರಿಯ ಹಾಳೆ.
ಕೆಟ್ಟಿತೆಂದು ಮುದುರಲು ಹೋದೆ; ಕೈ ಹಿಡಿದಳು.
"ಅದನ್ನು ಕೊಡು," ಎಂದಳು. "ಮಿಕ್ಕಿದ್ದು ಇರಲಿ."

ಹೊಸ ಮಸಿಡಬ್ಬಿ ಹಾಕಿದ್ದೇನೆ.
ಆ ಅಂಚನ್ನು ಫೈಲಿನಲ್ಲಿ ಹಿಡಿಯಲು ಎಷ್ಟೋ ರಾತ್ರಿ ಕೂತೆ.
ಕಪ್ಪನ್ನು ನೂರರಿಂದ ಸೊನ್ನೆಗೆ ತರುವುದು ಒಂದು ಗುಂಡಿಯ ಕೆಲಸ;
ಇಳಿಯುತ್ತದೆ ಕೂಡ, ಎಣಿಸಿಟ್ಟ ಮೆಟ್ಟಿಲಿನಂತೆ.
ಅದು ಹಾಗೆ ಇಳಿದಿರಲಿಲ್ಲ. ಎಡಗಡೆ, ಕೆಳಗೆ,
ಬೂದಿಯಾಗಿ ಎಷ್ಟೋ ಹೊತ್ತಾದ ಮೇಲೆ
ಗಕ್ಕನೆ ಒಂದು ಬೆರಳಷ್ಟು ಮತ್ತೆ ಕಪ್ಪಾಗಿತ್ತು.