ಇಪ್ಪತ್ತೇಳನೆಯ ಲಕೋಟೆ

ಏನೂ ಮಾಡದ ಕಹಿ ಎಲ್ಲಿ ಸಿಗುತ್ತದೆ, ಹೇಳಿ.
ಹಾಗಲ ಸಕ್ಕರೆ ಇಳಿಸುತ್ತದೆ, ಬೇವು ಹೊಟ್ಟೆ ತೊಳೆಯುತ್ತದೆ,
ಕಿರಾತಕಡ್ಡಿ ನೇರ ಪಿತ್ತಕ್ಕೇ ಕೈ ಹಾಕುತ್ತದೆ.
ಉಡುಪಿಯ ಗ್ರಂಧಿಗೆ ಅಂಗಡಿಗಳಲ್ಲಿ ಒಂದು ತಿಂಗಳು ಅಲೆದೆ.
ಕೊನೆಗೆ, ಮಕ್ಕಳು ಉಗುರು ಕಚ್ಚದಿರಲೆಂದು ಹಚ್ಚುತ್ತಾರಲ್ಲ,
ಆ ಕಹಿ; ಕೊಡ ನೀರಿಗೆ ಸೂಜಿಮೊನೆಯಷ್ಟು.
ಬಣ್ಣಕ್ಕೆ ಸುಟ್ಟ ಸಕ್ಕರೆ.
ವಾಸನೆ ಮಾತ್ರ ಬಗ್ಗಲಿಲ್ಲ.
ನೆಲನೆಲ್ಲಿಯ ಕಷಾಯಕ್ಕೆ ಆಗಷ್ಟೇ ಕಿತ್ತ ಕಳೆಯ ವಾಸನೆ,
ಬೇರಿನ ಮಣ್ಣು ಸಮೇತ.
ಸುಳ್ಳಿಗೆ ಮಣ್ಣು ಎಲ್ಲಿಂದ ತರಲಿ?

ಕಟಪಾಡಿಯ ಅಪ್ಪಿ ಪೂಜಾರ್ತಿ, ಭಾನುವಾರವಷ್ಟೇ ಮದ್ದು ಅರೆಯುವವರು,
ಬೆರಳದ್ದಿ ನೆಕ್ಕಿ ನಕ್ಕರು:
‘ಕಹಿ ಉಂಟು. ಮದ್ದು ಇಲ್ಲ.’
ಎಲ್ಲರಿಗೂ ಮೂವತ್ತು ಮಿಲಿ, ದಿನಕ್ಕೆರಡು ಸಲ ಎಂದೆ.
‘ಎಲ್ಲರಿಗೂ ಒಂದೇ ಅಳತೆಯಾ ಮಾರಾಯ್ತಿ?
ಶೇಂದಿಯವನಿಗೂ ಬಾಣಂತಿಗೂ?
ನಾಲಗೆ ನೋಡದೆ, ಕಣ್ಣಿನ ಕೆಳರೆಪ್ಪೆ ಮಗುಚದೆ?’
ಬರೆದುಕೊಂಡೆ: ಅಧ್ಯಯನದ ಮಿತಿಗಳು, ಅಂಶ ಮೂರು.
ಅವರ ಆ ಹೆಬ್ಬೆರಳನ್ನು ಯಾವ ಕಾಲಮ್ಮಿಗೆ ಹಾಕುವುದೆಂದು
ಸಂಖ್ಯಾಶಾಸ್ತ್ರದ ಮೇಷ್ಟ್ರಿಗೂ ತೋಚಲಿಲ್ಲ.

ಎಂಬತ್ತು ಲಕೋಟೆ. ಕಲೆಸಿದ್ದು ಕಂಪ್ಯೂಟರು,
ಚೀಟಿ ಅಂಟಿಸಿದ್ದು ಇನ್ಯಾರೋ.
ಇಪ್ಪತ್ತೇಳು: ಶೀನ ಮೆಂಡನ್, ಮಲ್ಪೆ, ಬಲೆ ಹೊಲಿಯುವವನು,
ಬಿಲಿರುಬಿನ್ ಒಂಬತ್ತು, ಅಂಗೈ ಕೂಡ ಹಳದಿ.
ಒಪ್ಪಿಗೆ ಪತ್ರದಲ್ಲಿ ಅವನ ಸಹಿ
ಬಿಚ್ಚಲು ಬಾರದ ಗಂಟಿನ ಹಾಗೆ.
‘ಅಕ್ಕಾ, ಇದು ಮದ್ದೋ ನೀರೋ?’
‘ನನಗೂ ಗೊತ್ತಿಲ್ಲ.’
ಹನ್ನೊಂದು ವರ್ಷದ ನೌಕರಿಯಲ್ಲಿ
ರೋಗಿಯೊಬ್ಬನಿಗೆ ನಾನು ಹೇಳಿದ ಪೂರ್ತಿ ನಿಜ
ಅದೊಂದೇ ಇರಬೇಕು.
‘ಹಾಗಾದರೆ ಒಂದೇ ದೋಣಿ’ ಎಂದು
ಬಾಟಲಿಯನ್ನು ಲುಂಗಿಯ ಮಡಿಕೆಗೆ ಸೇರಿಸಿ ಹೋದ.

ಮೂರನೆಯ ಭೇಟಿಗೆ ಬರಲಿಲ್ಲ.
ಫೋನಿಗೆ ಸಿಕ್ಕಿದ್ದು ಹೆಂಡತಿ ಜಲಜ:
‘ಆಳು ಕಮ್ಮಿಯೆಂದು ಬೋಟು ಹತ್ತಿಸಿಕೊಂಡರು, ರತ್ನಗಿರಿ ಕಡೆಗೆ.’
ಹಳದಿ ಇಳಿದಿತ್ತೇ?
‘ಕಡಲಿಗೆ ಹೋಗುವವರ ಕಣ್ಣು ಯಾವಾಗಲೂ ಕೆಂಪು,
ಹಳದಿ ಕಾಣುವುದು ಹೇಗೆ?’

ನಮ್ಮ ಲೆಕ್ಕಕ್ಕೊಂದು ನಿಯಮವಿದೆ.
ಲಕೋಟೆ ಒಡೆದ ಮೇಲೆ
ಕುಡಿಯಲಿ, ಚೆಲ್ಲಲಿ, ಬರಲಿ, ಬಾರದಿರಲಿ,
ಅವನು ಕೊನೆತನಕ ಆ ಗುಂಪಿನವನೇ.
ಬಿಟ್ಟು ಹೋದವನನ್ನು ಯಾರೂ ಅಳಿಸುವಂತಿಲ್ಲ.
ಮದುವೆಗಳಲ್ಲೂ ಇಷ್ಟು ಗಟ್ಟಿ ಮಾತು ನಾನು ಕಂಡಿಲ್ಲ,
ನನ್ನದರಲ್ಲಂತೂ.

ಆಮೇಲೆ ಒಂದು ಮಂಗಳವಾರ
ಜಲಜ ಬಂದಳು, ಬಸ್ಸಿಳಿದು, ಚೀಲ ಹಿಡಿದು:
‘ಅರ್ಧ ಉಳಿದಿದೆ. ಸರಕಾರದ್ದಲ್ಲವಾ, ಚೆಲ್ಲಲು ಮನಸ್ಸಾಗಲಿಲ್ಲ.’
ಉಳಿದದ್ದನ್ನು ಅಳೆಯಬೇಕು, ಅಷ್ಟೇ ನನ್ನ ಕೆಲಸ.
ಇನ್ನೂರ ಹತ್ತು ಮಿಲಿ. ಬರೆದೆ.
ಅವಳು ನೀರು ಕುಡಿಯಲು ಹೊರಗೆ ಹೋದಾಗ
ಮುಚ್ಚಳ ತೆಗೆದು ಮೂಸಿದೆ.

ಡೀಸೆಲ್. ಒಣ ಸಿಗಡಿ. ನೈಲಾನ್ ಹಗ್ಗ.
ಅದರಡಿಯಲ್ಲಿ ಮಣ್ಣು ಇತ್ತೋ,
ಇರಲಿ ಎಂದು ನನ್ನ ಮೂಗೇ ಹುಡುಕಿತೋ.

ಆ ದಿನದ ವಹಿಯಲ್ಲಿ ಹೀಗಿದೆ:
ನಿಯಮಭಂಗ, ಒಂದು.
ಮಾಡಿದವರು: ನಾನು.
ಪರಿಣಾಮ: ತಿಳಿದುಬಂದಿಲ್ಲ.