ಎಂಬತ್ತು ರೂಪಾಯಿ ಚಿಲಕ

ದಲ್ಲಾಳಿ ಜವರಯ್ಯ ಬೆರಳ ಗೆಣ್ಣಲ್ಲಿ ಗೋಡೆ ತಟ್ಟಿ
ಅಂದ: ಅಡುಗೆಮನೆಗೆ ಕೈ ಹಾಕ್ಬೇಡಿ,
ಕೊಂಡವರು ಹೆಂಗೂ ಒಡೀತಾರೆ.
ಗ್ರಾನೈಟಿಗೆ ಸುರಿದ ಲಕ್ಷ ವಾಪಸ್ ಬರಲ್ಲ.

ಬಣ್ಣ? ಹೊಡೆಸಿ. ಬಿಳಿ ಮಾತ್ರ ಬೇಡ,
ಸಕ್ಕರೆ ಫ್ಯಾಕ್ಟರಿ ಮಸಿ
ಮಂಡ್ಯದಲ್ಲಿ ಯಾರ ಗೋಡೆಯನ್ನು ಬಿಟ್ಟಿದೆ?

ಸಂಪಿನ ಮುಚ್ಚಳ, ಸೋರುವ ನಲ್ಲಿ,
ಕಾಲಿಂಗ್ ಬೆಲ್ಲು. ಸಾಕು.
ಆಮೇಲೆ ಬಚ್ಚಲ ಬಾಗಿಲು ನೂಕಿ ನಕ್ಕ:
ಅಕ್ಕಾ, ಇದಕ್ಕೆ ಚಿಲಕವೇ ಇಲ್ವಲ್ಲ!

ಇಲ್ಲ. ಹದಿನಾಲ್ಕು ವರ್ಷ
ಒಳಗಿದ್ದವರು ಕೆಮ್ಮಬೇಕಿತ್ತು.
ಅತ್ತೆಯದು ಓಣಿಗೇ ಕೇಳುವ ಕೆಮ್ಮು.
ಮಗಳು ಚೊಂಬು ಬಡಿಯುತ್ತಿದ್ದಳು,
ಇವರು ಕ್ರಿಕೆಟ್ ಸ್ಕೋರು ಕೂಗುತ್ತಿದ್ದರು.
ನಾನು ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಿದ್ದೆ,
ನೀರು ಬೇಡದ ದಿನವೂ.

ಪೇಟೆಬೀದಿಯಲ್ಲಿ ಎಂಬತ್ತು ರೂಪಾಯಿ.
ನಾಲ್ಕು ತಿರುಪು. ಒಂದು ಸೊಟ್ಟ.
ಹಾಕಿದ್ದು ನಾನೇ.

ಭಾನುವಾರ ನೋಡಲು ಬಂದವರ ಪೈಕಿ
ಆ ಹೆಂಗಸು ಬಣ್ಣ ನೋಡಲಿಲ್ಲ, ಬೆಲ್ಲು ಒತ್ತಲಿಲ್ಲ.
ನೆಟ್ಟಗೆ ಬಚ್ಚಲಿಗೆ ಹೋಗಿ
ಚಿಲಕ ಹಾಕಿಕೊಂಡಳು.
ಬಹಳ ಹೊತ್ತು ಸದ್ದಿಲ್ಲ.

ಹಜಾರದಲ್ಲಿ ಗಂಡಸರು ರೇಟು ಎಳೆದಾಡುತ್ತಿದ್ದರು.
ನಾನು ಬಾಗಿಲಾಚೆ ನಿಂತು
ಒಂದು ಕೆಮ್ಮಿಗೆ ಕಾಯುತ್ತಿದ್ದೆ.